‘ನಾನಾ’ ಅಂತ ಬರೆದ ಒಂದು ಷರಾ: ಸೈನಿಕರ ಡಿಸೆಬಿಲಿಟಿ ಪೆನ್ಷನ್ ವರ್ಷಗಟ್ಟಲೆ ನಿಲ್ಲೋದು ಎಲ್ಲಿ, ಯಾಕೆ?

ಕುಶಾಲನಗರ, ಗೋಣಿಕೊಪ್ಪ, ಸೋಮವಾರಪೇಟೆ, ಯಾವ ಪೇಟೆಯಾದರೂ ಸರಿ, ಜೆರಾಕ್ಸ್ ಅಂಗಡಿ ಇಟ್ಟವರಿಗೆ ಒಂದು ಬಗೆಯ ಫೈಲು ಪರಿಚಯ ಇದ್ದೇ ಇರುತ್ತೆ. ಗುಂಡಿ ಹಾಕೋ ಪ್ಲಾಸ್ಟಿಕ್ ಕವರ್. ಒಳಗೆ ಡಿಸ್ಚಾರ್ಜ್ ಬುಕ್, ಹಳೆಯ ಪಿಪಿಒ, ಮಡಿಕೆ ಬಿದ್ದ ಕಡೆಯೆಲ್ಲ ಟೇಪ್ ಅಂಟಿಸಿದ ಒಂದು ಇಂಗ್ಲಿಷ್ ಪತ್ರ. ‘ಮೂರು ಸೆಟ್ ಮಾಡಿ, ಒಂದನ್ನ ಸ್ಪೀಡ್ ಪೋಸ್ಟ್ ಮಾಡ್ಬೇಕು’ ಅಂತ ಹೇಳಿ ಮಾಜಿ ಸೈನಿಕರು ಪಕ್ಕದಲ್ಲಿ ನಿಂತಿರ್ತಾರೆ. ಮುಂದಿನ ವರ್ಷ ಅದೇ ಫೈಲು ಮತ್ತೆ ಬರುತ್ತೆ, ಸ್ವಲ್ಪ ದಪ್ಪ ಆಗಿರುತ್ತೆ ಅಷ್ಟೆ.

ಆ ಟೇಪ್ ಅಂಟಿಸಿದ ಪತ್ರದಲ್ಲಿ ಇರೋದು ಸಾಮಾನ್ಯವಾಗಿ ಒಂದೇ ಮಾತು. ನಿಮ್ಮ ಕಾಯಿಲೆ ಅಥವಾ ಗಾಯ ಸೇನಾ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ, ಹಾಗಾಗಿ ಡಿಸೆಬಿಲಿಟಿ ಪೆನ್ಷನ್ ಕೊಡಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ‘ನೈದರ್ ಆಟ್ರಿಬ್ಯೂಟಬಲ್ ನಾರ್ ಅಗ್ರವೇಟೆಡ್’. ಮೊದಲ ಅಕ್ಷರಗಳನ್ನು ಸೇರಿಸಿ ಫೌಜಿಗಳು ಇದನ್ನು ‘ನಾನಾ’ ಅಂತಾರೆ. ‘ನಂದು ನಾನಾ ಆಯ್ತು’ ಅಂದರೆ ಕ್ಲೇಮು ಬಿದ್ದುಹೋಯಿತು ಅಂತ ಅರ್ಥ.

ನಮ್ಮ ಜಿಲ್ಲೆಯಲ್ಲಿ ಮಾಜಿ ಸೈನಿಕರಿಲ್ಲದ ಊರು ಹುಡುಕೋದು ಕಷ್ಟ. ಅವರ ಪಿಂಚಣಿ ತಡವಾದರೆ ಆ ಮನೆಗೆ ಮಾತ್ರ ತೊಂದರೆ ಅಂದುಕೊಳ್ಳಬೇಡಿ. ದಿನಸಿ ಅಂಗಡಿಯ ಲೆಕ್ಕದ ಪುಸ್ತಕ, ಮೆಡಿಕಲ್ ಶಾಪಿನ ಬಾಕಿ, ಸಂಘದ ಸಾಲದ ಕಂತು, ಎಲ್ಲಕ್ಕೂ ಅದರ ಬಿಸಿ ತಟ್ಟುತ್ತೆ. ಹಾಗಾದರೆ ಕಾಗದ ನಿಲ್ಲೋದು ಎಲ್ಲಿ? ‘ಆಫೀಸಿನೋರು ನಿಧಾನ’ ಅನ್ನೋದು ಎಲ್ಲರ ಬಾಯಲ್ಲೂ ಬರೋ ಉತ್ತರ. ಅದು ಅರ್ಧ ಮಾತ್ರ ನಿಜ. ಬಹುಪಾಲು ವರ್ಷಗಳು ಕಳೆಯೋದು ಆ ಒಂದು ಷರಾ ಅಳಿಸೋದ್ರಲ್ಲಿ.

ಮೊದಲು, ಯಾರಿಗೆ ಎಷ್ಟು?

ನಿಯಮ ಕೇಳೋಕೆ ಸರಳ. ಎರಡು ಷರತ್ತು ಇವೆ. ಒಂದು, ಅಂಗವೈಕಲ್ಯ ಸೇವೆಯ ಕಾರಣದಿಂದ ಬಂದಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣ ಆಗಿರಬೇಕು. ಎರಡು, ಅದರ ಪ್ರಮಾಣ ಶೇ 20 ಅಥವಾ ಹೆಚ್ಚು ಇರಬೇಕು. 1961ರ ಸೇನಾ ಪಿಂಚಣಿ ನಿಯಮಾವಳಿಯಿಂದಲೂ ಮೂಲ ಸೂತ್ರ ಇದೇ.

ಈ ಪಿಂಚಣಿಯಲ್ಲಿ ಎರಡು ಭಾಗ ಇರುತ್ತೆ. ಸೇವೆ ಮಾಡಿದ್ದಕ್ಕೆ ಸರ್ವಿಸ್ ಎಲಿಮೆಂಟ್, ವೈಕಲ್ಯಕ್ಕೆ ಡಿಸೆಬಿಲಿಟಿ ಎಲಿಮೆಂಟ್. ಎರಡನೆಯದು ಶೇ 100 ವೈಕಲ್ಯಕ್ಕೆ ಕೊನೆಯ ಸಂಬಳದ ಶೇ 30. ವೈಕಲ್ಯ ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಮೊತ್ತವೂ ಕಡಿಮೆ.

ಲೆಕ್ಕಕ್ಕಾಗಿ ಒಬ್ಬ ಹವಾಲ್ದಾರರು ಅಂತ ಇಟ್ಕೊಳ್ಳಿ. ಕೊನೆಯ ಸಂಬಳ 40,000 ರೂಪಾಯಿ. ಶೇ 100ಕ್ಕೆ 12,000 ಆಗುತ್ತೆ. ಅವರಿಗೆ ಶೇ 20 ವೈಕಲ್ಯ ಅಂದರೆ ತಿಂಗಳಿಗೆ 2,400. ಆದರೆ ‘ಬ್ರಾಡ್ ಬ್ಯಾಂಡಿಂಗ್’ ಅಂತ ಒಂದು ಸೌಲಭ್ಯ ಇದೆ. 2001ರ ಜನವರಿ 31ರ ಆದೇಶದಲ್ಲಿ ಬಂದದ್ದು, 1996ರಿಂದ ಪೂರ್ವಾನ್ವಯ. ಅದರ ಪ್ರಕಾರ ಶೇ 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಅಂತ, 50ರಿಂದ 75ರವರೆಗಿನದ್ದನ್ನು 75 ಅಂತ, ಅದಕ್ಕೂ ಮೇಲಿನದ್ದನ್ನು 100 ಅಂತ ಲೆಕ್ಕ ಹಿಡಿಯಬೇಕು. ಹಾಗೆ ಹಿಡಿದರೆ ಅದೇ ಹವಾಲ್ದಾರರಿಗೆ 2,400ರ ಬದಲು 6,000 ರೂಪಾಯಿ. ಮೇಲೆ ತುಟ್ಟಿಭತ್ಯೆ ಬೇರೆ.

ಮೊದಲಿಗೆ ಈ ಸೌಲಭ್ಯವನ್ನು ಸೇವೆಯ ಮಧ್ಯದಲ್ಲೇ ಅನಾರೋಗ್ಯದಿಂದ ಹೊರಬಂದವರಿಗೆ ಮಾತ್ರ ಕೊಡುತ್ತಿದ್ದರು. ಅವಧಿ ಮುಗಿಸಿ ನಿವೃತ್ತರಾದವರಿಗೆ ಇಲ್ಲ ಅಂದರು. ಇಬ್ಬರ ಮೊಣಕಾಲೂ ಒಂದೇ ಥರ ಹೋಗಿರಬಹುದು, ಒಬ್ಬರಿಗೆ ಉಂಟು, ಇನ್ನೊಬ್ಬರಿಗೆ ಇಲ್ಲ. 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಭೇದ ಸರಿಯಲ್ಲ ಅಂತ ಹೇಳಿ, ಕೇಂದ್ರ ಸರ್ಕಾರ ಹಾಕಿದ್ದ ನೂರಾರು ಮೇಲ್ಮನವಿಗಳನ್ನು ಒಟ್ಟಿಗೆ ವಜಾ ಮಾಡಿತು. ನಮ್ಮ ಕಡೆ ಅದಕ್ಕೂ ಮೊದಲು ನಿವೃತ್ತರಾದ ಹಿರಿಯರು ತಮ್ಮ ಪಿಪಿಒದಲ್ಲಿ ಶೇಕಡಾ ಎಷ್ಟು ಅಂತ ನಮೂದಾಗಿದೆ ಅನ್ನೋದನ್ನು ಒಮ್ಮೆ ಕನ್ನಡಕ ಹಾಕ್ಕೊಂಡು ನೋಡೋದು ಒಳ್ಳೇದು. ಇನ್ನೂ 20, 30 ಅಂತಲೇ ಇದ್ದರೆ ಕೇಳಬೇಕಾದ ಪ್ರಶ್ನೆ ಇದೆ ಅಂತಾಯಿತು.

ಷರಾ ಬೀಳೋದು ಎಲ್ಲಿ

ಸೈನಿಕ ಹೊರಬರುವ ಮುನ್ನ ಮಿಲಿಟರಿ ಆಸ್ಪತ್ರೆಯಲ್ಲಿ ಮೆಡಿಕಲ್ ಬೋರ್ಡ್ ಕೂರುತ್ತೆ. ಅವಧಿ ಮುಗಿಸಿದವರಿಗೆ ರಿಲೀಸ್ ಮೆಡಿಕಲ್ ಬೋರ್ಡ್, ಅನಾರೋಗ್ಯದಿಂದ ಮಧ್ಯದಲ್ಲೇ ಕಳಿಸುವವರಿಗೆ ಇನ್‌ವ್ಯಾಲಿಡಿಂಗ್ ಬೋರ್ಡ್. ಬೋರ್ಡಿನ ವೈದ್ಯರು ಒಂದು ಫಾರಂ ತುಂಬುತ್ತಾರೆ, ಎಎಫ್‌ಎಂಎಸ್‌ಎಫ್-16 ಅಂತ ಅದರ ಹೆಸರು. ಕಾಯಿಲೆ ಯಾವುದು, ಎಲ್ಲಿ ಯಾವಾಗ ಶುರುವಾಯಿತು, ಶೇಕಡಾ ಎಷ್ಟು, ಎಷ್ಟು ಕಾಲಕ್ಕೆ, ಸೇವೆಗೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ, ಎಲ್ಲವೂ ಅದರಲ್ಲೇ.

ಸಂಬಂಧದ ಕಾಲಂನಲ್ಲಿ ‘ಇಲ್ಲ’ ಅಂತ ಬಿದ್ದರೆ ಮುಂದಿನ ಕಥೆ ಬಹುತೇಕ ಬರೆದಂತೆಯೇ. ಕಾಗದ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಹೋಗುತ್ತೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿನವರಿಗೆ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರು, ಹೀಗೆ. ಮಂಜೂರಾದರೆ ಪ್ರಯಾಗರಾಜ್‌ನಲ್ಲಿರುವ ಪಿಸಿಡಿಎ ಪೆನ್ಷನ್ಸ್ ಕಚೇರಿಯಿಂದ ಪಿಪಿಒ ಹೊರಡುತ್ತೆ. ಹಳಬರ ಬಾಯಲ್ಲಿ ಅದು ಈಗಲೂ ‘ಅಲಹಾಬಾದ್ ಆಫೀಸು’. ಬೋರ್ಡು ‘ನಾನಾ’ ಅಂದಿದ್ದರೆ ರೆಕಾರ್ಡ್ಸ್‌ನಿಂದ ತಿರಸ್ಕಾರದ ಪತ್ರ ಮನೆಗೆ ಬರುತ್ತೆ.

ಒಂದು ಕಾಲದಲ್ಲಿ ಇನ್ನೂ ವಿಚಿತ್ರ ಇತ್ತು. ಬೋರ್ಡು ಕೂತು ಸೈನಿಕನನ್ನು ಮುಟ್ಟಿ ನೋಡಿ ಇಷ್ಟು ಶೇಕಡಾ ಅಂತ ಬರೆದದ್ದನ್ನು, ಪಿಂಚಣಿ ಕಚೇರಿಯ ವೈದ್ಯ ಸಲಹೆಗಾರರು ಸೈನಿಕನ ಮುಖವನ್ನೂ ನೋಡದೆ ಕಡಿಮೆ ಮಾಡುತ್ತಿದ್ದರು. ಮೊಹಿಂದರ್ ಸಿಂಗ್ ಅನ್ನುವ ಸ್ಯಾಪರ್ ಒಬ್ಬರ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಪರೀಕ್ಷೆ ಮಾಡದೆ ಬೋರ್ಡಿನ ಮಾತನ್ನು ಮೀರುವಂತಿಲ್ಲ ಅಂತ.

ಕೋರ್ಟು ಹೇಳಿದ್ದು 2013ರಲ್ಲಿ

ಈ ವಿಷಯದಲ್ಲಿ ಎಲ್ಲರೂ ಹೆಸರು ಹೇಳೋದು ಧರಂವೀರ್ ಸಿಂಗ್ ಪ್ರಕರಣವನ್ನು. ಸಿಗ್ನಲ್ಸ್‌ಗೆ 1985ರಲ್ಲಿ ಸೇರಿದ ಸಿಪಾಯಿ. 1994ರಲ್ಲಿ ಫಿಟ್ಸ್ ಕಾಯಿಲೆ ಅಂತ ಶೇ 20 ಅಂಗವೈಕಲ್ಯ ಬರೆದು ಮನೆಗೆ ಕಳಿಸಿದರು. ಕಾಯಿಲೆ ಹುಟ್ಟಿನಿಂದ ಬಂದ ಸ್ವಭಾವದ್ದು, ಸೇವೆಗೂ ಅದಕ್ಕೂ ಸಂಬಂಧ ಇಲ್ಲ ಅಂತ ಷರಾ. ಪಿಂಚಣಿ ಇಲ್ಲ.

ಸುಪ್ರೀಂ ಕೋರ್ಟ್ 2013ರ ಜುಲೈ 2ರಂದು ಕೊಟ್ಟ ತೀರ್ಪಿನ ತಿರುಳು ನಮ್ಮ ಸಂತೆಯ ಮಾತಲ್ಲಿ ಹೇಳಬಹುದು. ದನ ಕೊಳ್ಳುವಾಗ ಹಲ್ಲು, ಕಾಲು, ಕೆಚ್ಚಲು ಎಲ್ಲ ನೋಡಿಯೇ ಕೊಂಡಿರಿ. ಏನೂ ದೋಷ ಇಲ್ಲ ಅಂತ ಒಪ್ಪಿ ಹೊಡೆದುಕೊಂಡು ಹೋದಿರಿ. ಒಂಬತ್ತು ವರ್ಷ ದುಡಿಸಿಕೊಂಡ ಮೇಲೆ ‘ಇದಕ್ಕೆ ಮೊದಲೇ ರೋಗ ಇತ್ತು’ ಅನ್ನೋದಾದರೆ ಅದನ್ನು ತೋರಿಸಬೇಕಾದವರು ನೀವು. ಭರ್ತಿ ಮಾಡಿಕೊಳ್ಳುವಾಗ ವೈದ್ಯರು ಪರೀಕ್ಷೆ ಮಾಡಿ ಯಾವ ಕಾಯಿಲೆಯನ್ನೂ ಬರೆದಿಲ್ಲ ಅಂದರೆ, ಆಮೇಲೆ ಬಂದದ್ದು ಸೇವೆಯಿಂದಲೇ ಅಂತ ಭಾವಿಸಬೇಕು. ಅಲ್ಲ ಅನ್ನುವುದಾದರೆ ಬೋರ್ಡು ಕಾರಣ ಬರೆಯಬೇಕು. ಸಾಬೀತು ಮಾಡುವ ಹೊಣೆ ಸೈನಿಕನ ಮೇಲಿಲ್ಲ, ಸಂಶಯ ಇದ್ದರೆ ಅದರ ಲಾಭ ಅವನಿಗೇ. ಇದನ್ನು ಕೋರ್ಟು ಹೊಸದಾಗಿ ಹುಟ್ಟಿಸಲಿಲ್ಲ, ಸರ್ಕಾರದ್ದೇ 1982ರ ಅರ್ಹತಾ ನಿಯಮಗಳನ್ನು ಓದಿ ಹೇಳಿತು.

1994ರಿಂದ 2013. ಶೇ 20ರ ಒಂದು ಪಿಂಚಣಿಗೆ 19 ವರ್ಷ.

ತೀರ್ಪು ಬಂತು, ಇನ್ನು ಎಲ್ಲರಿಗೂ ಸರಿ ಹೋಯಿತು ಅಂದುಕೊಂಡರೆ, ಇಲ್ಲ. ತೀರ್ಪಿನ ಲಾಭ ತಾನಾಗಿ ಮನೆಬಾಗಿಲಿಗೆ ಬರೋದಿಲ್ಲ. ಅದೇ ಥರದ ಷರಾ ಬೀಳುತ್ತಾ ಇರುತ್ತೆ, ಪ್ರತಿಯೊಬ್ಬನೂ ತನ್ನ ಫೈಲು ಹಿಡಿದು ಮೊದಲ ಮೆಟ್ಟಿಲಿಂದ ಹತ್ತಬೇಕು. ಸಿಯಾಚಿನ್‌ನಲ್ಲಿದ್ದು 1989ರಲ್ಲಿ ಫಿಟ್ಸ್ ಕಾರಣಕ್ಕೆ ಹೊರಬಂದ ಬಿಜೇಂದರ್ ಸಿಂಗ್ ಅವರಿಗೆ ಸುಪ್ರೀಂ ಕೋರ್ಟಿನಿಂದ ಪಿಂಚಣಿಯ ಆದೇಶ ಸಿಕ್ಕಿದ್ದು 2025ರಲ್ಲಿ. 2025ರಲ್ಲೇ ದಿಲ್ಲಿ ಹೈಕೋರ್ಟ್, ಡಿಸೆಬಿಲಿಟಿ ಪೆನ್ಷನ್ ಕೊಡಿ ಅಂದ ಟ್ರಿಬ್ಯುನಲ್ ಆದೇಶಗಳ ವಿರುದ್ಧ ರಕ್ಷಣಾ ಸಚಿವಾಲಯ ಹಾಕಿದ್ದ ಸುಮಾರು 300 ಅರ್ಜಿಗಳನ್ನು ಒಂದೇ ಏಟಿಗೆ ವಜಾ ಮಾಡಿತು. ರಕ್ಷಣಾ ಸಚಿವರೇ 2015ರಲ್ಲಿ ನೇಮಿಸಿದ್ದ ತಜ್ಞರ ಸಮಿತಿ ಇಂಥ ಮೇಲ್ಮನವಿಗಳನ್ನು ಕಡಿಮೆ ಮಾಡಿ ಅಂತ ಹೇಳಿತ್ತು. ಹತ್ತು ವರ್ಷದ ಮೇಲೂ ಒಂದು ಹೈಕೋರ್ಟಿನಲ್ಲಿ 300 ಅರ್ಜಿ ಅಂದರೆ, ಫೈಲು ಯಾಕೆ ರಾಶಿ ಬೀಳುತ್ತೆ ಅನ್ನೋದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇನ್ನೊಂದು ಮುಖವನ್ನೂ ಹೇಳಬೇಕು. ಎಲ್ಲ ‘ನಾನಾ’ ತಪ್ಪಲ್ಲ. 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ ಮಾನಸಿಕ ಕಾಯಿಲೆಗೆ ಸಂಬಂಧಿಸಿ ಸುಪ್ರೀಂ ಕೋರ್ಟ್ ಬೋರ್ಡಿನ ಅಭಿಪ್ರಾಯವನ್ನೇ ಎತ್ತಿಹಿಡಿದು ಪಿಂಚಣಿ ನಿರಾಕರಿಸಿತು. ರಜೆಯಲ್ಲಿ ಊರಿಗೆ ಬಂದಾಗ ಬೈಕಿನಿಂದ ಬಿದ್ದ ಗಾಯಕ್ಕೆ ಸೇವೆಯ ಸಂಬಂಧ ತೋರಿಸೋದು ಸುಲಭ ಅಲ್ಲ. ಬಿಪಿ, ಶುಗರ್‌ನಂಥ ಕಾಯಿಲೆಗೆಲ್ಲ ಪಿಂಚಣಿ ಕೇಳ್ತಾರೆ, ಅದರಲ್ಲೂ ಜವಾನರಿಗಿಂತ ಅಧಿಕಾರಿಗಳಲ್ಲಿ ಪಡೆಯುವವರ ಪ್ರಮಾಣ ಹೆಚ್ಚು ಅಂತ ಸಿಎಜಿ ವರದಿಯೂ ಎತ್ತಿ ತೋರಿಸಿತ್ತು. ಅದಾದ ಮೇಲೆ 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದಿವೆ. ಆ ತಾರೀಕಿಗೆ ಮೊದಲು ಹೊರಬಂದವರಿಗೆ ಹಳೆಯ ನಿಯಮ, ಆಮೇಲಿನವರಿಗೆ ಹೊಸದು. ಫೈಲು ಹಿಡಿದು ಓಡಾಡುವ ಮುಂಚೆ ನೀವು ಯಾವ ಕಡೆ ಅನ್ನೋದು ತಿಳಿದಿರಲಿ. ಆದರೆ ದುರುಪಯೋಗ ಮಾಡುವ ಕೆಲವರ ಲೆಕ್ಕವನ್ನು ಒಂಬತ್ತು ವರ್ಷಕ್ಕೆ ಮನೆಗೆ ಬಂದ ಸಿಪಾಯಿಯಿಂದ ವಸೂಲಿ ಮಾಡೋದು ನ್ಯಾಯ ಅಂತ ನನಗನ್ನಿಸಲ್ಲ.

ಯಾಕಂದ್ರೆ ಪೆಟ್ಟು ಎಲ್ಲರಿಗೂ ಒಂದೇ ಅಲ್ಲ. 15 ವರ್ಷ ಪೂರೈಸಿದ ಸಿಪಾಯಿಗೆ ‘ನಾನಾ’ ಆದರೂ ಸರ್ವಿಸ್ ಪೆನ್ಷನ್ ಇದೆ, ಹೋಗೋದು ಡಿಸೆಬಿಲಿಟಿ ಭಾಗ ಮಾತ್ರ. ಎಂಟು ಒಂಬತ್ತು ವರ್ಷಕ್ಕೆ ಕಾಯಿಲೆ ಅಂತ ಕಳಿಸಿದವರಿಗೆ ಆ ಒಂದು ಷರಾದಿಂದ ಸರ್ವಿಸ್ ಎಲಿಮೆಂಟೂ ಹೋಗುತ್ತೆ, ಪಿಂಚಣಿದಾರ ಅಲ್ಲ ಅಂತಾದ ಮೇಲೆ ಇಸಿಎಚ್‌ಎಸ್ ಆಸ್ಪತ್ರೆ ಕಾರ್ಡೂ ಇಲ್ಲ. ಔಷಧಿ ಬೇಕಾದವನಿಗೇ ಔಷಧಿಯ ದಾರಿ ಮುಚ್ಚೋದು ಹೀಗೆ.

ಮೆಟ್ಟಿಲುಗಳು, ಒಂದೊಂದಕ್ಕೂ ಒಂದೊಂದು ಕಾಯುವಿಕೆ

ತಿರಸ್ಕಾರದ ಪತ್ರ ಬಂದ ಮೇಲೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ. ಸೇನಾ ಕೇಂದ್ರ ಕಚೇರಿಯ ಸಮಿತಿಯೊಂದು ಅದನ್ನು ನೋಡುತ್ತೆ. ಅಲ್ಲೂ ಆಗದಿದ್ದರೆ ಎರಡನೇ ಮೇಲ್ಮನವಿ, ಇನ್ನೊಂದು ಸಮಿತಿಗೆ. ಎರಡೂ ಕಡೆ ಅವರು ನೋಡೋದು ಬಹುಮಟ್ಟಿಗೆ ಅದೇ ಬೋರ್ಡಿನ ಕಾಗದವನ್ನು. ಸೈನಿಕ ಎದುರಿಗೆ ಕೂತು ಹೇಳಿಕೊಳ್ಳುವ ಅವಕಾಶ ಇರೋದಿಲ್ಲ. ಹಾಗಾಗಿ ಅದೇ ಉತ್ತರ ಬೇರೆ ಲೆಟರ್‌ಹೆಡ್ಡಿನಲ್ಲಿ ಬಂದರೆ ಆಶ್ಚರ್ಯ ಪಡಬೇಡಿ.

ಉತ್ತರವೇ ಬರದೆ ಇದ್ದರೆ? ಇಲ್ಲೇ ನಮ್ಮವರು ಸೋಲೋದು. ‘ಅವರಿಂದ ಕಾಗದ ಬರ್ಲಿ ಅಂತ ಕಾಯ್ತಾ ಇದೀನಿ’ ಅಂತ ನಾಲ್ಕೈದು ವರ್ಷ ಕೂರ್ತಾರೆ. ಕಾಯಬೇಕಾಗಿಲ್ಲ. 2007ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆಯಲ್ಲೇ ಇದೆ: ಮೇಲ್ಮನವಿ ಕೊಟ್ಟು ಆರು ತಿಂಗಳಾದರೂ ತೀರ್ಮಾನ ಬರದಿದ್ದರೆ ನೇರ ಟ್ರಿಬ್ಯುನಲ್‌ಗೆ ಹೋಗಬಹುದು. ಮೇಲ್ಮನವಿ ಕೊಟ್ಟ ತಾರೀಕಿಗೆ ಸಾಕ್ಷಿ ಇದ್ದರೆ ಸಾಕು. ಆ ಸ್ಪೀಡ್ ಪೋಸ್ಟ್ ಚೀಟಿಯನ್ನು ಜೇಬಲ್ಲಿಟ್ಟು ಒಗೆಯೋಕೆ ಹಾಕುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಅದು ಥರ್ಮಲ್ ಕಾಗದ, ಒಂದೆರಡು ವರ್ಷಕ್ಕೆ ಅಕ್ಷರ ಮಾಸುತ್ತೆ, ಅವತ್ತೇ ಒಂದು ಜೆರಾಕ್ಸ್ ಮಾಡಿಸಿಡಿ.

ಟ್ರಿಬ್ಯುನಲ್ ಅಂದರೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್, ಎಎಫ್‌ಟಿ. 2009ರಿಂದ ಕೆಲಸ ಮಾಡ್ತಾ ಇದೆ. ಕರ್ನಾಟಕಕ್ಕೆ ಸ್ವಂತ ಕಾಯಂ ಪೀಠ ಇಲ್ಲ, ನಾವು ಕೊಚ್ಚಿ ಪೀಠದ ವ್ಯಾಪ್ತಿಗೆ ಬರ್ತೀವಿ. ಬೆಂಗಳೂರಿನಲ್ಲಿ ಸಂಚಾರಿ ಪೀಠ ಕೂರುತ್ತೆ. ಫೌಜಿಗಳಿಗೆ ಹೆಸರಾದ ನಮ್ಮದು ರೈಲೇ ಇಲ್ಲದ ಜಿಲ್ಲೆ, ಮಳೆಗಾಲದಲ್ಲಿ ಒಂದು ದಿನಾಂಕಕ್ಕೆ ಹೋಗಿಬರೋದು ಅಂದರೆ ಎರಡು ದಿನದ ಕೆಲಸ. ಪೀಠದಲ್ಲಿ ಒಬ್ಬರು ನ್ಯಾಯಾಂಗ ಸದಸ್ಯರು, ಒಬ್ಬರು ಸೇನೆಯಿಂದ ಬಂದ ಆಡಳಿತ ಸದಸ್ಯರು ಇರಬೇಕು. ಒಂದು ಕುರ್ಚಿ ಖಾಲಿ ಬಿದ್ದರೆ ಪೀಠ ಕೂರೋದಿಲ್ಲ, ದಿನಾಂಕ ಮುಂದೆ ಹೋಗುತ್ತೆ. ದೇಶದ ಅನೇಕ ಪೀಠಗಳಲ್ಲಿ ಹೀಗೆ ಕುರ್ಚಿ ಖಾಲಿ ಬಿದ್ದು ತಿಂಗಳುಗಟ್ಟಲೆ ಕೆಲಸ ನಿಂತದ್ದಿದೆ.

ಗೆದ್ದರೂ ಮುಗೀಲಿಲ್ಲ. ಟ್ರಿಬ್ಯುನಲ್ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳ ಗಡುವು ಹಾಕಿ, ಮೀರಿದರೆ ಬಡ್ಡಿ ಅಂತ ಆದೇಶ ಮಾಡುತ್ತೆ. ಗಡುವಿನೊಳಗೆ ಪಿಪಿಒ ಬರದಿದ್ದರೆ ಆದೇಶ ಜಾರಿ ಮಾಡಿಸಿ ಅಂತ ಇನ್ನೊಂದು ಅರ್ಜಿ. 2023ರ ಮಾರ್ಚ್‌ನಲ್ಲಿ ಪರಶೋತ್ತಮ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಟ್ರಿಬ್ಯುನಲ್ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಅಂತ ಹೇಳಿದೆ. ಸೋತ ಸೈನಿಕನಿಗೆ ಇದು ಒಳ್ಳೆಯದೇ, ದಿಲ್ಲಿಗೆ ಹೋಗುವ ಬದಲು ನಮ್ಮದೇ ಹೈಕೋರ್ಟಿಗೆ ಹೋಗಬಹುದು. ಆದರೆ ಅದೇ ಬಾಗಿಲು ಸರ್ಕಾರಕ್ಕೂ ತೆರೆದಿದೆ. ದಿಲ್ಲಿಯ ಆ 300 ಅರ್ಜಿಗಳು ಹೋದದ್ದು ಹೈಕೋರ್ಟಿಗೇ.

ಒಂದು ಹೋಲಿಕೆ ಹೇಳಿ ಮುಂದೆ ಹೋಗ್ತೀನಿ. ಅಮೆರಿಕದಲ್ಲೂ ಈ ರೋಗ ಇದೆ, ಬೇಕಾದಷ್ಟಿದೆ. ಅಲ್ಲಿನ ಮಾಜಿ ಸೈನಿಕರ ಇಲಾಖೆ 125 ದಿನ ದಾಟಿದ ಕ್ಲೇಮನ್ನು ‘ಬ್ಯಾಕ್‌ಲಾಗ್’ ಅಂತ ಎಣಿಸುತ್ತೆ. 2013ರಲ್ಲಿ ಅಂಥವು ಆರು ಲಕ್ಷ ದಾಟಿ ದೊಡ್ಡ ಗಲಾಟೆಯೇ ಆಗಿತ್ತು. ಆದರೆ ಎಷ್ಟು ಬಾಕಿ ಇದೆ ಅನ್ನೋ ಲೆಕ್ಕವನ್ನು ಅವರೇ ವಾರ ವಾರ ಹೊರಗೆ ಹಾಕ್ತಾರೆ. 125 ದಿನ ಅಂದರೆ ನಮ್ಮಲ್ಲಿ ಒಂದು ಮೇಲ್ಮನವಿಗೆ ಉತ್ತರ ಕಾಯೋಕೇ ಸಾಲದು.

ತಡವಾದರೆ ದುಡ್ಡೂ ಕರಗುತ್ತೆ

ಇದು ಈ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ, ದಯವಿಟ್ಟು ಬಿಡದೆ ಓದಿ. ‘ಕೊನೆಗೆ ಗೆದ್ದರೆ ಹಿಂದಿನದ್ದೆಲ್ಲ ಸೇರಿಸಿ ಒಟ್ಟಿಗೆ ಬರುತ್ತೆ’ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿ ಇದೆ. ಹಾಗೆ ಬರುತ್ತೆ ಅಂತ ಹೇಳಕ್ಕಾಗಲ್ಲ.

ತರ್ಸೇಮ್ ಸಿಂಗ್ ಅನ್ನುವವರು 1983ರಲ್ಲಿ ಅನಾರೋಗ್ಯದಿಂದ ಸೇನೆಯಿಂದ ಹೊರಬಂದರು. ಹೈಕೋರ್ಟಿಗೆ ಹೋದದ್ದು 1999ರಲ್ಲಿ. 2008ರಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಪಿಂಚಣಿ ತಪ್ಪಿಸೋದು ತಿಂಗಳು ತಿಂಗಳೂ ಮುಂದುವರಿಯುವ ತಪ್ಪು, ಹಾಗಾಗಿ ತಡವಾಗಿ ಬಂದರೂ ಕೇಸು ಕೇಳಬಹುದು. ಆದರೆ ಹಿಂಬಾಕಿ ಕೊಡೋದು ಅರ್ಜಿ ಹಾಕುವ ಹಿಂದಿನ ಮೂರು ವರ್ಷದ್ದು ಮಾತ್ರ. ಉಳಿದದ್ದು ಹೋಯಿತು.

ಮೇಲಿನ ಹವಾಲ್ದಾರರನ್ನೇ ತಗೊಳ್ಳಿ. ತಿಂಗಳಿಗೆ 6,000, ವರ್ಷಕ್ಕೆ 72,000. ಹತ್ತು ವರ್ಷ ಸುಮ್ಮನಿದ್ದು ಆಮೇಲೆ ಅರ್ಜಿ ಹಾಕಿದರು ಅಂತಾದರೆ ತುಟ್ಟಿಭತ್ಯೆ ಬಿಟ್ಟು 7,20,000 ಆಗುತ್ತೆ. ಮೂರು ವರ್ಷದ ಅಳತೆಯಲ್ಲಿ ಸಿಗೋದು 2,16,000. ಐದು ಲಕ್ಷದ ನಾಲ್ಕು ಸಾವಿರ ಯಾರೂ ಕದ್ದಿಲ್ಲ, ಕ್ಯಾಲೆಂಡರ್ ತಿಂದಿತು. ಆಮೇಲಿನ ಅನೇಕ ಆದೇಶಗಳು ಇದೇ ಮೂರು ವರ್ಷದ ಅಳತೆ ಹಿಡಿದಿವೆ. ಎಲ್ಲ ಪ್ರಕರಣಕ್ಕೂ ಕಣ್ಣು ಮುಚ್ಚಿ ಅದೇ ಅಂತಲ್ಲ, ಬ್ರಾಡ್ ಬ್ಯಾಂಡಿಂಗ್ ಬಾಕಿಯ ವಿಚಾರದಲ್ಲಿ ಬೇರೆ ವಾದಗಳೂ ನಡೆದಿವೆ, ನಿಮ್ಮದಕ್ಕೆ ಯಾವುದು ಅನ್ವಯ ಅಂತ ವಕೀಲರನ್ನು ಕೇಳಿ. ಆದರೆ ‘ಈ ಸಲ ಕಾಫಿ ಕೊಯ್ಲು ಮುಗೀಲಿ, ಮಗಳ ಮದುವೆ ಆಗ್ಲಿ’ ಅಂತ ಮುಂದೂಡುವ ಒಂದೊಂದು ವರ್ಷಕ್ಕೂ ಬೆಲೆ ಇದೆ ಅಂತ ಗೊತ್ತಿರಲಿ.

ಕರಗೋದು ದುಡ್ಡು ಮಾತ್ರ ಅಲ್ಲ, ಕಾಗದವೂ. ಪಿಂಚಣಿ ಇಲ್ಲದೆ ಹೊರಬಂದವರ ಸೇವಾ ದಾಖಲೆಗಳನ್ನು 25 ವರ್ಷದ ನಂತರ ನಾಶ ಮಾಡುವ ಪದ್ಧತಿ ಸೇನೆಯಲ್ಲಿದೆ. ಆಮೇಲೆ ಕೇಳಿದರೆ ‘ದಾಖಲೆ ಲಭ್ಯವಿಲ್ಲ’ ಅನ್ನುವ ಉತ್ತರ. ಬೋರ್ಡಿನ ಕಾಪಿ ನಿಮ್ಮ ಹತ್ತಿರ ಇಲ್ಲದಿದ್ದರೆ ಮಾಡಬೇಕಾದ ಮೊದಲ ಕೆಲಸ ಅದನ್ನು ತರಿಸೋದು. ರೆಕಾರ್ಡ್ಸ್ ಕಚೇರಿಗೆ ಒಂದು ಪತ್ರ, ಅದಕ್ಕೆ ಜಗ್ಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಅರ್ಜಿ. 30 ದಿನದಲ್ಲಿ ಉತ್ತರ ಕೊಡಬೇಕು. ಮೆಡಿಕಲ್ ಬೋರ್ಡಿನ ಪೂರ್ತಿ ಕಾಗದ ಕೇಳಿ. ಗಾಯ ಆಗಿದ್ದರೆ ಆ ಕಾಲದ ಇಂಜ್ಯುರಿ ರಿಪೋರ್ಟ್, ಐಎಎಫ್‌ವೈ-2006 ಅಂತಾರೆ, ಅದನ್ನೂ ಕೇಳಿ. ಕೋರ್ಟ್ ಆಫ್ ಎನ್‌ಕ್ವೈರಿ ನಡೆದಿದ್ದರೆ ಅದರ ಕಾಪಿಯೂ ಬೇಕಾಗುತ್ತೆ. ವಕೀಲರ ಹತ್ತಿರ ಇವಿಷ್ಟು ಇಲ್ಲದೆ ಹೋದರೆ ಅವರೂ ಮೊದಲು ಇದನ್ನೇ ಕೇಳೋದು.

ಸ್ಪರ್ಶ್ ಬಂದ ಮೇಲೆ

ಮೊದಲು ಪಿಂಚಣಿ ಬ್ಯಾಂಕಿನ ಮೂಲಕ ಬರ್ತಿತ್ತು, ಮ್ಯಾನೇಜರ್ ಪರಿಚಯದವರು, ಹೋಗಿ ಕೇಳಿದರೆ ಆಗ್ತಿತ್ತು. ಈಗ ಸ್ಪರ್ಶ್ ಅನ್ನೋ ಪೋರ್ಟಲ್‌ನಿಂದ ನೇರ ಖಾತೆಗೆ. ಒಳ್ಳೇದೂ ಇದೆ, ಪಿಪಿಒ ಮೊಬೈಲಲ್ಲೇ ನೋಡಬಹುದು, ದೂರನ್ನೂ ಅಲ್ಲೇ ದಾಖಲಿಸಬಹುದು. ಆದರೆ ವರ್ಷಕ್ಕೊಮ್ಮೆ ಲೈಫ್ ಸರ್ಟಿಫಿಕೇಟ್ ಆಗದಿದ್ದರೆ ಪಿಂಚಣಿ ನಿಲ್ಲುತ್ತೆ. 2022ರ ಏಪ್ರಿಲ್ ತಿಂಗಳಲ್ಲಿ ಹೀಗೆ ಗುರುತಿನ ದೃಢೀಕರಣ ಆಗಿಲ್ಲ ಅಂತ ದೇಶದಾದ್ಯಂತ 58 ಸಾವಿರಕ್ಕೂ ಹೆಚ್ಚು ಮಂದಿಗೆ ಪಿಂಚಣಿ ಸಮಯಕ್ಕೆ ಬರಲಿಲ್ಲ, ಸರ್ಕಾರ ಒಂದು ಬಾರಿಯ ವಿನಾಯಿತಿ ಕೊಟ್ಟು ಹಣ ಹಾಕಬೇಕಾಯಿತು.

ಇಲ್ಲಿ ನಮ್ಮ ಅಂಗಡಿಯವರ ಪಾತ್ರ ಇದೆ. ಸಿಎಸ್‌ಸಿ ಕೇಂದ್ರಗಳೂ ಈಗ ಸ್ಪರ್ಶ್ ಸೇವಾ ಕೇಂದ್ರಗಳೇ. ಲೈಫ್ ಸರ್ಟಿಫಿಕೇಟ್, ಮಾಹಿತಿ ತಿದ್ದುಪಡಿ, ದೂರು ಎಲ್ಲ ಅಲ್ಲಿಂದ ಮಾಡಬಹುದು. ಸಿಎಸ್‌ಸಿ ನಡೆಸುವವರಲ್ಲಿ ಒಂದು ವಿನಂತಿ: ಹಿರಿಯರ ಹೆಬ್ಬೆಟ್ಟು ಹಿಡಿದು ಕೆಲಸ ಮುಗಿಸಿ ಕಳಿಸೋ ಬದಲು, ಪಿಪಿಒ ತೆರೆದು ಡಿಸೆಬಿಲಿಟಿ ಎಲಿಮೆಂಟ್ ಅನ್ನೋ ಸಾಲಿನಲ್ಲಿ ಏನಿದೆ ಅಂತ ಅವರಿಗೆ ಓದಿ ಹೇಳಿ. ಹಳೆಯ ಪಿಪಿಒದಲ್ಲಿದ್ದದ್ದು ಹೊಸದರಲ್ಲೂ ಹಾಗೇ ಇದೆಯಾ, ಹೆಸರು ಮತ್ತು ಹುಟ್ಟಿದ ತಾರೀಕು ಆಧಾರ್ ಜೊತೆ ತಾಳೆ ಆಗುತ್ತಾ, ಎರಡು ನಿಮಿಷದ ಕೆಲಸ. ನಮ್ಮ ಕಡೆ ಮನೆತನದ ಹೆಸರು ಸೇನೆಯ ದಾಖಲೆಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇರೋದು ಮಾಮೂಲಿ. ಒಂದು ಅಕ್ಷರದ ವ್ಯತ್ಯಾಸಕ್ಕೆ ಕಡತ ತಿಂಗಳುಗಟ್ಟಲೆ ಕೂರುತ್ತೆ.

ಕೇಳೋದು ಯಾರನ್ನ?

ಮಡಿಕೇರಿಯಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಮೊದಲ ಬಾಗಿಲು. ಪತ್ರ ಬರೆಯೋದು, ರೆಕಾರ್ಡ್ಸ್‌ಗೆ ನೆನಪೋಲೆ ಕಳಿಸೋದು ಅಲ್ಲಿಂದ ಆಗುತ್ತೆ. 2025ರ ಜುಲೈ 26ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ‘ವೀರ ಪರಿವಾರ ಸಹಾಯತಾ ಯೋಜನೆ’ ಶುರು ಮಾಡಿದೆ. ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವಿನ ಕ್ಲಿನಿಕ್ ಇಡೋದು ಅದರ ಉದ್ದೇಶ, ಹೋದಾಗ ಕೇಳಿ. ಇದಲ್ಲದೆ ಅಂಗವಿಕಲರಿಗೆ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗಬೇಕು ಅಂತ ಕಾನೂನೇ ಇದೆ. ಟ್ರಿಬ್ಯುನಲ್ ಮುಂದೆ ಸೈನಿಕರು ಸ್ವತಃ ನಿಂತು ವಾದಿಸಲೂಬಹುದು.

‘ಬಾಕಿ ಬಂದ ಮೇಲೆ ಇಷ್ಟು ಪರ್ಸೆಂಟ್ ಕೊಡಿ, ನಾನು ಮಾಡಿಸ್ತೀನಿ’ ಅನ್ನುವ ಏಜೆಂಟರು ಫೋನಿನಲ್ಲೂ ಬರ್ತಾರೆ, ಪೇಟೆಯಲ್ಲೂ ಸಿಗ್ತಾರೆ. ಅಸಲಿ ಡಿಸ್ಚಾರ್ಜ್ ಬುಕ್ಕನ್ನು, ಸ್ಪರ್ಶ್ ಪಾಸ್‌ವರ್ಡನ್ನು ಅವರ ಕೈಗೆ ಕೊಡಬೇಡಿ.

ಸೈನಿಕರು ತೀರಿಕೊಂಡ ಮೇಲೆ ಫೈಲನ್ನು ಅಟ್ಟಕ್ಕೆ ಹಾಕುವ ಮನೆಗಳಿವೆ. ಅವರ ಜೀವಮಾನದಲ್ಲಿ ಬರಬೇಕಿದ್ದ ಬಾಕಿಯನ್ನು ವಾರಸುದಾರರು ಕೇಳಬಹುದು, ನಡೆಯುತ್ತಿರುವ ಕೇಸನ್ನು ಹೆಂಡತಿ ಮುಂದುವರಿಸಬಹುದು. ಅಮ್ಮನಿಗೆ ಫ್ಯಾಮಿಲಿ ಪೆನ್ಷನ್ ಬರ್ತಾ ಇದೆ, ಅದೇ ಸಾಕು ಅಂತ ಮಕ್ಕಳು ಬಿಟ್ಟುಬಿಡೋದೇ ಹೆಚ್ಚು.

ಕೊನೆಯದಾಗಿ ಅಗ್ನಿವೀರರ ಮನೆಯವರಿಗೆ. 2022ರಲ್ಲಿ ಬಂದ ಈ ಯೋಜನೆಯಲ್ಲಿ ತಿಂಗಳ ಪಿಂಚಣಿ ಇಲ್ಲ. ಸೇವೆಯಿಂದ ಬಂದ ಅಂಗವೈಕಲ್ಯಕ್ಕೆ ಶೇ 100ಕ್ಕೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ ರೂಪಾಯಿ ಒಂದೇ ಬಾರಿಯ ಪರಿಹಾರ. ಇಲ್ಲೂ ಪ್ರಶ್ನೆ ಅದೇ, ಸೇವೆಯಿಂದ ಬಂದದ್ದೋ ಅಲ್ಲವೋ. ತೀರ್ಮಾನ ಮಾಡೋದೂ ಅದೇ ಮೆಡಿಕಲ್ ಬೋರ್ಡು. ಮೊದಲ ತಂಡದವರ ನಾಲ್ಕು ವರ್ಷ 2026ರ ಕೊನೆಯ ಹೊತ್ತಿಗೆ ಮುಗಿಯುತ್ತೆ. ಟ್ರೈನಿಂಗ್‌ನಲ್ಲಿ ಮೊಣಕಾಲು ಉಳುಕಿದ್ದು, ಕಿವಿ ಮಂದ ಆದದ್ದು ಏನೇ ಇದ್ದರೂ ಆಗಲೇ ಆಸ್ಪತ್ರೆಯ ದಾಖಲೆಯಲ್ಲಿ ಬರೆಸಿ, ಹೊರಡುವ ದಿನ ಮೆಡಿಕಲ್ ಬೋರ್ಡಿನ ಕಾಪಿ ಕೈಯಲ್ಲಿ ಹಿಡಿದೇ ಬಸ್ಸು ಹತ್ತು ಅಂತ ಹುಡುಗನಿಗೆ ಇವತ್ತೇ ಫೋನ್ ಮಾಡಿ ಹೇಳಿ.